ಕಂತಿಯ ಹದ

ಶಹಾಪುರದಿಂದ ಯಾದಗಿರಿಗೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸರು "ಏನ್ ಕೆಲಸ ಮಾಡ್ತಿಯವ್ವಾ?" ಎಂದು ಕೇಳಿದರೆ "ಬಣ್ಣ ಹಚ್ತೀನ್ರಿ" ಎಂದುಬಿಡುತ್ತೇನೆ. ಅದು ಪೂರ್ತಿ ಸುಳ್ಳಲ್ಲ. ನಿಜ ಹೇಳಲು ಹೊರಟರೆ ಭೀಮಾ ನದಿಯ ಸೇತುವೆ ದಾಟಿದರೂ ಮಾತು ಮುಗಿಯುವುದಿಲ್ಲ. ಮೇಲೆ "ಮಿಲ್ಟ್ರಿದಾ? ಬಾಂಬ್ ಮಾಡ್ತೀರೇನು?" ಎಂಬ ಪ್ರಶ್ನೆ ಬೇರೆ. ಬಾಂಬೂ ಇಲ್ಲ, ಬಂದೂಕೂ ಇಲ್ಲ. ಹೈದರಾಬಾದಿನಿಂದ ಅಂಗೈ ಅಗಲದ ಹಸಿರು ಸರ್ಕ್ಯೂಟ್ ಬೋರ್ಡುಗಳು ಬರುತ್ತವೆ. ಅವು ಮುಂದೆ ಸೈನ್ಯದ ರೇಡಿಯೊಗಳೊಳಗೆ, ವಿಮಾನದ ಹೊಟ್ಟೆಯೊಳಗೆ ಹೋಗಿ ಕೂರುತ್ತವೆ. ಅಲ್ಲಿ ಅವು ಹಿಮದಲ್ಲೂ ಬದುಕಬೇಕು, ಮರುಭೂಮಿಯ ಧೂಳಿನಲ್ಲೂ ಬದುಕಬೇಕು, ಸಮುದ್ರದ ಉಪ್ಪುಗಾಳಿಯಲ್ಲೂ ಬದುಕಬೇಕು. ಹಾಗೆ ಬದುಕಲೆಂದು ಅವುಗಳ ಮೈಮೇಲೆ ಒಂದು ತೆಳು ಲೇಪ ಹಚ್ಚುವುದು ನಮ್ಮ ಶೆಡ್ಡಿನ ಕೆಲಸ. ಯಾದಗಿರಿಯ ರೈಲು ಹಳಿಯ ಆಚೆಗೆ, ಹತ್ತಿಯ ಗೋದಾಮಿನ ಹಿಂದೆ ಇರುವ ಆ ತಗಡಿನ ಶೆಡ್ಡು ನೋಡಿದರೆ ಒಳಗೆ ಹಪ್ಪಳ ಮಾಡುತ್ತಾರೆ ಎಂದುಕೊಳ್ಳಬೇಕು, ಹಾಗಿದೆ.

ಕೆಲಸ ಹೇಳಿಕೊಳ್ಳುವಂಥ ದೊಡ್ಡದಲ್ಲ, ಆದರೆ ಬಹಳ ಮಡಿಯದು. ಬೋರ್ಡು ಬಂದ ಕೂಡಲೇ ತೊಳೆಯಬೇಕು. ತೊಳೆದದ್ದನ್ನು ಓವನ್ನಿನಲ್ಲಿಟ್ಟು ಒಳಗಿನ ತೇವ ಪೂರಾ ಹೋಗುವ ತನಕ ಕಾಯಿಸಬೇಕು. ತೇವ ಇರುವಾಗಲೇ ಮೇಲೆ ಲೇಪ ಬಳಿದರೆ ಕಳ್ಳನನ್ನು ಮನೆಯೊಳಗೇ ಬಿಟ್ಟು ಹೊರಗಿನಿಂದ ಕೀಲಿ ಹಾಕಿದ ಹಾಗೆ. ಆಮೇಲೆ ತಂತಿ ಸೇರುವ ಜಾಗಗಳಿಗೆ ಟೇಪು ಅಂಟಿಸಿ, ಉಳಿದದ್ದಕ್ಕೆ ವಾರ್ನಿಷ್ ಹಾಕಿ, ಕತ್ತಲೆ ಡಬ್ಬಿಯಲ್ಲಿ ನೀಲಿ ದೀಪದ ಕೆಳಗೆ ಹಿಡಿದು ನೋಡುತ್ತೇವೆ. ಲೇಪ ಇರುವಲ್ಲೆಲ್ಲ ಮಿನುಗುತ್ತದೆ, ಸೂಜಿಮೊನೆಯಷ್ಟು ಬಿಟ್ಟುಹೋಗಿದ್ದರೂ ಅಲ್ಲಿ ಕಪ್ಪು ಕಾಣುತ್ತದೆ. ಹೆಚ್ಚು ಅಲುಗಾಡುವ ಕಡೆಗೆ ಹೋಗುವಂಥವನ್ನು ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿಟ್ಟು ಮೇಲಿಂದ ಕಪ್ಪು ರೆಸಿನ್ ಸುರಿದು ಮುಳುಗಿಸಿಬಿಡುತ್ತೇವೆ. ಅದು ಗಟ್ಟಿಯಾದ ಮೇಲೆ ಕಲ್ಲೇ. ಬೆಳಿಗ್ಗೆ ಒಳಗೆ ಹೋಗುವಾಗ ಬಾಗಿಲಲ್ಲಿ ಎಲ್ಲರ ಕೈ ನೋಡುತ್ತಾರೆ. ಗಾಯ, ಬೊಬ್ಬೆ, ತುರಿಕೆ ಏನಿದ್ದರೂ ಆ ದಿನ ಮೇಜಿನ ಹತ್ತಿರ ಬಿಡುವುದಿಲ್ಲ. ಬಹಳ ದಿನ ಹಾಗೇ ಇದ್ದರೆ ಕೆಲಸವೂ ಇಲ್ಲ.

ಅಪ್ಪನದೂ ಇದೇ ಕೆಲಸ ಎಂದರೆ ನಮ್ಮ ಶೆಡ್ಡಿನವರು ನಗುತ್ತಾರೆ. ಅಪ್ಪ ಕಂತಿ ಕಟ್ಟುತ್ತಿದ್ದ. ನಮ್ಮವರು ಕೊರಳಲ್ಲಿ ಕಟ್ಟಿಕೊಳ್ಳುವ ಇಷ್ಟಲಿಂಗದ ಒಳಗಿರುವುದು ಒಂದು ಪುಟ್ಟ ಬಿಳಿಚು ಕಲ್ಲು. ಆ ಕಲ್ಲನ್ನು ಹೆಚ್ಚಿನವರು ಜನ್ಮದಲ್ಲಿ ಕಂಡಿರುವುದಿಲ್ಲ. ಕಾಣುವುದು ಅದರ ಮೇಲಿನ ನುಣ್ಣನೆ ಕರಿ ಕವಚ, ಅದೇ ಕಂತಿ. ದಿನಾ ನೀರು, ವಿಭೂತಿ, ಅಂಗೈಯ ಬೆವರು, ಯಾವುದೂ ಒಳಗಿನ ಕಲ್ಲಿಗೆ ತಾಗಬಾರದು. ಸಗಣಿಯ ಬೂದಿ, ರಾಳ, ಎಣ್ಣೆ, ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜದ ರಸ, ಇನ್ನೂ ಏನೇನೋ ಸೇರಿಸಿ ಕಾಯಿಸಿ ಅರೆದು, ಕಲ್ಲಿನ ಸುತ್ತ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಮತ್ತೆ ಕಟ್ಟಿ ತಿಕ್ಕುತ್ತಿದ್ದ. ಶಿರವಾಳದಿಂದ, ವಡಗೇರಾದಿಂದ, ಸುರಪುರದ ಕಡೆಯಿಂದ ಜನ ಶಹಾಪುರದ ಗುಡ್ಡದ ಬುಡದ ನಮ್ಮ ಓಣಿಗೆ ಬರುತ್ತಿದ್ದರು.

ಕೇರು ಕೆಟ್ಟದ್ದು. ರಸ ಸಿಡಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಹೊಗೆ ತಾಗಿದರೂ ಕೆಲವರ ಮುಖ ಊದುತ್ತದೆ. ಅದಕ್ಕೇ ಕಂತಿಯ ಹದ ಮಾಡುವ ದಿನ ಹಿತ್ತಲ ಕೋಣೆಯ ಕದ ಹಾಕಿರುತ್ತಿತ್ತು. ನಾನು ಹೊಸ್ತಿಲ ಹತ್ತಿರ ಬಂದರೆ ಸಾಕು, ಒಳಗಿನಿಂದ ಅಪ್ಪ ಗದರುತ್ತಿದ್ದ: "ಏ, ದೂರ ಸರಿ! ಸುಟ್ಕೋತಿ ನೋಡು." ನಾನೊಬ್ಬಳೇ ಮಗಳು. ಗಂಡುಮಗ ಇದ್ದಿದ್ದರೆ ಕಲಿಸುತ್ತಿದ್ದನೇನೋ ಎಂದು ಬಹಳ ವರ್ಷ ನನಗೆ ಒಳಗೊಳಗೇ ಸಿಟ್ಟಿತ್ತು. ಕಲಿಸಲಿಲ್ಲ. ಬದಲಿಗೆ ಶಾಲೆಗೆ ಹಾಕಿದ, ಡಿಪ್ಲೊಮಾ ಓದಿಸಿದ. ನಾನು ಹೈದರಾಬಾದಿನಲ್ಲಿ ಬೋರ್ಡಿಗೆ ಲೇಪ ಹಚ್ಚುವ ಕೆಲಸಕ್ಕೆ ಸೇರಿ ಫೋನು ಮಾಡಿ ಹೇಳಿದಾಗ ಅಂದ: "ಅಂದ್ರ ವಿಮಾನಕ್ಕ ಕಂತಿ ಕಟ್ತಿ ಅನ್ನು." ಆಮೇಲೆ ಒಂದು ವಾರ ಓಣಿಯ ತುಂಬ ಅದನ್ನೇ ಹೇಳಿಕೊಂಡು ತಿರುಗಿದನಂತೆ.

ಅಪ್ಪ ಎದೆನೋವಿನಿಂದ ಒಂದೇ ದಿನದಲ್ಲಿ ಹೋದ. ಹಿತ್ತಲ ಕೋಣೆಯ ಒಲೆ ಆರಿತು. ನನಗೆ ಮದುವೆ ಆಗಿರಲಿಲ್ಲ, ಆಗುವ ಮನಸ್ಸೂ ಇರಲಿಲ್ಲ. ಹೈದರಾಬಾದಿನಲ್ಲಿ ನನ್ನ ಮೇಲೆ ಇದ್ದ ತೆಲುಗಿನ ಸಾಹೇಬರು ಯಾದಗಿರಿಯಲ್ಲಿ ಶೆಡ್ಡು ಹಾಕುತ್ತೇನೆ, ಬರುತ್ತೀಯಾ ಎಂದಾಗ ಗಂಟುಮೂಟೆ ಕಟ್ಟಿಕೊಂಡು ಅವ್ವನ ಹತ್ತಿರ ಬಂದುಬಿಟ್ಟೆ. ಅವ್ವನಿಗೆ ಆಗಲೇ ಸಕ್ಕರೆ ಕಾಯಿಲೆ ಹಳೆಯದಾಗಿತ್ತು. ಬೆಳಿಗ್ಗೆ ಅವಳಿಗೆ ಇನ್ಸುಲಿನ್ ಚುಚ್ಚಿ, ಅವಳ ಬೈಗುಳ ಕೇಳಿ ಬಸ್ಸು ಹತ್ತುವುದು ನನ್ನ ದಿನಚರಿ. ನಾವಿಬ್ಬರೂ ಜಗಳಗಂಟರು. ರೊಟ್ಟಿ ದಪ್ಪವಾಯಿತೆಂದು ಶುರುವಾದ ಜಗಳ ನನ್ನ ಮದುವೆಯ ತನಕ ಹೋಗಿ, ಅಲ್ಲಿಂದ ಅಪ್ಪನ ತನಕ ಹೋಗಿ, ಇಬ್ಬರೂ ಅತ್ತು ಮುಗಿಯುತ್ತಿತ್ತು. ಅವ್ವ ಈಗಿಲ್ಲ. ಮನೆಯಲ್ಲಿ ಸದ್ದೇ ಇಲ್ಲ.

ಎಲ್ಲ ಶುರುವಾದದ್ದು ಒಂದು ಸುಡುಬೇಸಿಗೆಯಲ್ಲಿ. ಅವ್ವ ಬೆಳಗಿನ ಪೂಜೆಗೆ ಕೂತಿದ್ದಳು. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ನೀರು ಹಾಕುವಾಗ ಅದು ಜಾರಿತು. ಸಕ್ಕರೆ ಕಾಯಿಲೆಗೆ ಅವಳ ಬೆರಳ ತುದಿಗಳು ಜೋಮು ಹಿಡಿದು ಬಹಳ ದಿನವಾಗಿತ್ತು, ಕೈಯಲ್ಲಿ ಏನಿದೆ ಏನಿಲ್ಲ ಎಂಬುದು ಅವಳಿಗೆ ಕಣ್ಣಿನಿಂದಲೇ ತಿಳಿಯಬೇಕಿತ್ತು. ನೆಲದ ಫರ್ಸಿಕಲ್ಲಿನ ಮೇಲೆ ಠಕ್ ಎಂದು ಸದ್ದಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಹಾಗಾಯಿತು. ಮದುವೆಯಾದ ಹೊಸತರಲ್ಲಿ ಅಪ್ಪ ಅವಳಿಗೆಂದೇ ಕಟ್ಟಿಕೊಟ್ಟ ಕಂತಿ ಅದು. ಒಂದು ಚಕ್ಕೆ ಎದ್ದು ಬಂದಿತ್ತು, ಉಳಿದದ್ದರಲ್ಲಿ ಬಿರುಕು. ಚಕ್ಕೆ ಹೋದ ಕಡೆ ಒಳಗಿನ ಬಿಳಿ ಕಲ್ಲು ಕಾಣುತ್ತಿತ್ತು.

ಅವ್ವ ಲಿಂಗವನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡಳು. ನಾನು ತಾಟಿಗೆ ರೊಟ್ಟಿ ಹಾಕಿದರೆ ಸರಿಸಿದಳು.

"ಲಿಂಗ ಬೆತ್ತಲ ಆಗ್ಯದ. ನಾ ಹ್ಯಾಂಗ ಉಣ್ಲಿ?"

ಲಿಂಗಕ್ಕೆ ಊನವಾದರೆ ಸರಿಯಾಗುವ ತನಕ ಉಣ್ಣದವರು ನಮ್ಮಲ್ಲಿ ಹಿಂದೆ ಬಹಳ ಜನ ಇದ್ದರು. ಈಗ ಯಾರೂ ಅಷ್ಟು ಹಿಡಿಯುವುದಿಲ್ಲ. ಅವ್ವ ಹಿಡಿದಳು. ನಾನು ಬೈದೆ, ಗೋಗರೆದೆ, ತಾಟು ಕುಕ್ಕಿದೆ. ನೀರು ಗುಟುಕರಿಸುತ್ತಿದ್ದಳು, ಅಷ್ಟೇ. ಇನ್ಸುಲಿನ್ ಚುಚ್ಚಿ ಊಟ ಮಾಡದಿದ್ದರೆ ಜೀವಕ್ಕೆ ಅಪಾಯ, ಚುಚ್ಚದಿದ್ದರೂ ಅಪಾಯ. ಡಾಕ್ಟರು ಫೋನಿನಲ್ಲೇ ರೇಗಿದರು: "ಉಪಾಸ ಬಿಡಸ್ರಿ ಮೊದ್ಲ. ಇಲ್ಲಾಂದ್ರ ನಾ ಜವಾಬ್ದಾರಲ್ಲ."

ಮಠದ ಅಯ್ಯನವರನ್ನು ಕರೆದುಕೊಂಡು ಬಂದೆ. ಅವರು ಒಳ್ಳೆಯ ಮಾತೇ ಹೇಳಿದರು. "ಹೊಸ ಲಿಂಗ ಕಟ್ತೀನಿ, ತಾಯಿ. ಇದನ್ನ ಹೊಳಿಗಿ ಬಿಟ್ರಾತು. ಏನೂ ದೋಷಿಲ್ಲ."

ಅವ್ವ ಕೈಮುಗಿದು ಅಂದಳು, "ಬಿಡ್ರಿ ಅಪ್ಪಾವರ. ಅದರ ಕೂಡ ನನ್ನೂ ಹೊಳಿಗಿ ಬಿಡ್ರಿ."

ಅಯ್ಯನವರು ನನ್ನ ಮುಖ ನೋಡಿದರು. ಕಂತಿ ಮತ್ತೆ ಕಟ್ಟಿಸುವುದೊಂದೇ ದಾರಿ, ಆದರೆ ಕಟ್ಟುವವರು ಎಲ್ಲಿದ್ದಾರೆ ಎಂದರು. ಸುರಪುರದ ಹತ್ತಿರದ ರಂಗಂಪೇಟೆಯಲ್ಲಿ ಅಪ್ಪನ ಜೊತೆಗಾರರೊಬ್ಬರು ಇದ್ದರು, ಆ ಮನೆಯಲ್ಲಿ ಕೇಳಿ ನೋಡು ಎಂದರು. ಪಕ್ಕದ ಮನೆಯಾಕೆಯನ್ನು ಅವ್ವನ ಹತ್ತಿರ ಕೂರಿಸಿ ಮರುದಿನ ಬೆಳಿಗ್ಗೆಯೇ ಸುರಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಪ್ಪನನ್ನು ಮನಸಾರೆ ಬೈದೆ. ಒಂದು ದಿನ, ಒಂದೇ ಒಂದು ದಿನ ಕದ ತೆಗೆದು ಒಳಗೆ ಕರೆದಿದ್ದರೆ ಇವತ್ತು ನಾನು ಹೀಗೆ ಊರೂರು ಅಲೆಯಬೇಕಿತ್ತೇ?

ರಂಗಂಪೇಟೆಯ ಮನೆಯಲ್ಲಿ ಅಪ್ಪನ ಜೊತೆಗಾರರ ಭಾವಚಿತ್ರಕ್ಕೆ ಹಾರ ಹಾಕಿತ್ತು. ಅವರ ಮಗ ಈಗ ರುದ್ರಾಕ್ಷಿ, ವಿಭೂತಿ, ಲಿಂಗ ಮಾರುವ ಅಂಗಡಿ ಇಟ್ಟಿದ್ದಾನೆ. ಚಹಾ ತರಿಸಿದ. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಕೂತ ಲಿಂಗಗಳನ್ನು ತೋರಿಸಿದ, ಎಲ್ಲವೂ ಒಂದೇ ಅಚ್ಚು.

"ಅಪ್ಪ ಹೋದ ಮ್ಯಾಲ ಒಲಿ ಹಚ್ಚಿಲ್ರಿ ಅಕ್ಕಾರ. ಈಗ ಎಲ್ಲಾ ರೆಡಿಮೇಡ್ ಬರ್ತಾವ. ಹದ ನಮ್ಮಪ್ಪಗ ಗೊತ್ತಿತ್ತು, ನಿಮ್ಮಪ್ಪಗ ಗೊತ್ತಿತ್ತು. ನಮಗ ಕಲಿಸ್ಲಿಲ್ಲ, ನಾವೂ ಕೇಳ್ಲಿಲ್ಲ." ಆಮೇಲೆ ಗೌರವಕ್ಕೋ ಏನೋ ಕೇಳಿದ, "ನೀವ್ ಏನ್ ಮಾಡ್ತೀರಿ ಈಗ?"

"ವಿಮಾನಕ್ಕ ಕಂತಿ ಕಟ್ತೀನಿ" ಎಂಬ ಅಪ್ಪನ ಮಾತು ಬಾಯಿಗೆ ಬಂತು. ಹೇಳಲಿಲ್ಲ. ಆದರೆ ತಿರುಗಿ ಬರುವ ಬಸ್ಸಿನಲ್ಲಿ ಆ ಮಾತು ತಲೆಯಿಂದ ಇಳಿಯಲಿಲ್ಲ. ಹಿಮದಲ್ಲೂ ಬಿರಿಯದ ರೆಸಿನ್ನು ದಿನಾ ನನ್ನ ಕೈಯಲ್ಲೇ ಹರಿದುಹೋಗುತ್ತದೆ. ಪೆಟ್ಟಿಗೆಗೆ ಸುರಿದು ಲೋಟದ ತಳದಲ್ಲಿ ಉಳಿದದ್ದನ್ನು ನಾವು ಎಸೆಯುತ್ತೇವೆ, ಕಲಸಿದ್ದು ಬೇಗ ಗಟ್ಟಿಯಾಗಿ ಮತ್ತೆ ಕೆಲಸಕ್ಕೆ ಬಾರದು. ಇದು ಯಾಕೆ ಮೊದಲೇ ಹೊಳೆಯಲಿಲ್ಲ ಎಂದರೆ, ಅವ್ವನ ಲಿಂಗವೂ ಸೈನ್ಯದ ಡಬ್ಬಿಯೂ ನನ್ನ ತಲೆಯಲ್ಲಿ ಬೇರೆ ಬೇರೆ ಗೂಡಿನಲ್ಲಿದ್ದವು.

ನಮ್ಮ ಶೆಡ್ಡಿನ ರೆಸಿನ್ನಿನಿಂದ ಕಂತಿಯ ಬಿರುಕು ಮುಚ್ಚುತ್ತೇನೆ ಎಂದು ಅವ್ವನಿಗೆ ಹೇಳಿದೆ. ಅವಳ ದನಿ ಆಗಲೇ ಬಾವಿಯೊಳಗಿಂದ ಬಂದಂತೆ ಬರುತ್ತಿತ್ತು.

"ಅದ್ರಾಗ ಏನೇನ್ ಇರ್ತದ? ಪ್ರಾಣಿದೇನರ ಇರ್ತದೇನು?"

"ಇಲ್ಲವ್ವ. ಎಣ್ಣಿ ಬಾವ್ಯಾಗಿಂದು. ಭೂಮಿ ಒಳಗಿಂದ ತಗೀತಾರ."

"ಭೂಮಿದ ಅಂದ್ರ ಅಡ್ಡಿಲ್ಲ" ಎಂದಳು. "ಆದ್ರ ನಾ ಲಿಂಗ ಬಿಟ್ಟು ಇರಂಗಿಲ್ಲ. ನನ್ನೂ ಕರ್ಕೊಂಡ್ ನಡಿ."

ಕಾರು ಮಾಡಿಕೊಂಡು ಶೆಡ್ಡಿಗೆ ಹೋದೆವು. ಒಳಗಿನ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ, ಅದು ಸೈನ್ಯದ ಕೆಲಸ, ಸಾಹೇಬರು ಅದರಲ್ಲಿ ಕಟ್ಟುನಿಟ್ಟು. ಆದರೆ ಮುಂದಿನ ಕೋಣೆಯಲ್ಲಿ ಹೊಸಬರಿಗೆ ಕೆಲಸ ಕಲಿಸುವ ಮೇಜೊಂದಿದೆ. ಅಲ್ಲಿ ಕುರ್ಚಿ ಹಾಕಿಸಿದರು, ಫ್ಯಾನು ಅವ್ವನ ಕಡೆ ತಿರುಗಿಸಿದರು. ಚಪ್ಪಲಿ ಹೊರಗೆ ಬಿಡಬೇಕು, ಕೈ ತೊಳೆಯಬೇಕು, ತಲೆಗೆ ಬಿಳಿ ಟೊಪ್ಪಿಗೆ ಹಾಕಬೇಕು ಎಂದಾಗ ಅವ್ವ ಅಷ್ಟು ನಿತ್ರಾಣದಲ್ಲೂ ಮೆಚ್ಚಿ ತಲೆಯಾಡಿಸಿದಳು. "ಗುಡಿ ಇದ್ದಾಂಗ ಅದ. ನೀ ಮನ್ಯಾಗ ಇಷ್ಟ್ ಮಡಿ ಇದ್ದಿದ್ರ ನಮ್ಮ ಜಗಳಾನ ಇರ್ತಿದ್ದಿಲ್ಲ."

ಶೆಡ್ಡಿನ ಹೆಣ್ಣುಮಕ್ಕಳು ಒಳಬಾಗಿಲ ಗಾಜಿನ ಹಿಂದೆ ನಿಂತು ನೋಡುತ್ತಿದ್ದರು. ನಮ್ಮ ಕೆಲಸದ ನಿಯಮದಂತೆ ಹಳೆಯ ಲೇಪ ಬಿರಿದಿದ್ದರೆ ಅದನ್ನು ಪೂರಾ ಕೆರೆದು ತೆಗೆದು ಹೊಸದಾಗಿ ಹಚ್ಚಬೇಕು. ಹಳೆಯದರ ಮೇಲೆ ಹೊಸದು ನಿಲ್ಲುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಕೆರೆದರೆ ಹೋಗುವುದು ಅಪ್ಪನ ಕಂತಿ. ಚಾಕು ತೆಗೆದುಕೊಳ್ಳಲಿಲ್ಲ. ಬಿರುಕಿನ ಧೂಳನ್ನು ಮೆತ್ತಗಿನ ಬ್ರಷ್ಷಿನಿಂದ ತೆಗೆದೆ.

ಮುಂದಿನದು ತೇವ ಆರಿಸುವುದು. ಓವನ್ನಿನಲ್ಲಿ ಸ್ವಲ್ಪ ಹೊತ್ತು ಇಡಬೇಕು ಎಂದೆ. ಅವ್ವ ಮುಷ್ಟಿ ಬಿಗಿಮಾಡಿದಳು. "ಒಲ್ಯಾಗ ಇಡ್ತಿಯಾ? ಬ್ಯಾಡ."

"ತೇವ ಉಳದ್ರ ಕೆಡ್ತದವ್ವ."

"ನಿಮ್ಮಪ್ಪ ಅಂಗೈಯಾಗ ಇಟ್ಕೊಂಡು ಕುಂದರ್ತಿದ್ರು. ಕೈ ಬಿಸಿಗಿ ಆರ್ತದ."

ಹಾಗೇ ಮಾಡಿದೆವು. ಅವಳ ಎಡಗೈ ಕೆಳಗೆ, ನಡುವೆ ಲಿಂಗ, ಮೇಲೆ ನನ್ನ ಕೈ. ಯಾದಗಿರಿಯ ಆ ಬಿಸಿಲಿಗೆ ಓವನ್ನು ಬೇಕಾಗಿಯೂ ಇರಲಿಲ್ಲ. ಎಷ್ಟು ವರ್ಷಗಳ ಮೇಲೆ ಅವಳ ಕೈ ಅಷ್ಟು ಹೊತ್ತು ಹಿಡಿದಿದ್ದೆನೋ ಗೊತ್ತಿಲ್ಲ. ಅಂಗೈ ಚರ್ಮ ಒರಟಾಗಿ, ಅಲ್ಲಲ್ಲಿ ಹಳೆಯ ಸುಟ್ಟ ಕಲೆಗಳಿದ್ದವು. ಒಲೆಯ ಮುಂದಿನ ಕೆಲಸ, ಎಲ್ಲ ಹೆಂಗಸರಿಗೂ ಇರುವಂಥದ್ದೇ ಎಂದುಕೊಂಡೆ.

ಸಾಹೇಬರು ತಾವೇ ಲೋಟದಲ್ಲಿ ಉಳಿದ ರೆಸಿನ್ ತಂದುಕೊಟ್ಟು ಏನೂ ಕಾಣದವರಂತೆ ಒಳಗೆ ಹೋದರು. ಎದ್ದು ಬಂದಿದ್ದ ಚಕ್ಕೆಯನ್ನು ಅದರ ಜಾಗಕ್ಕೇ ಕೂರಿಸಿ, ಬಿರುಕುಗಳಿಗೆ ಸಣ್ಣ ಕಡ್ಡಿಯಿಂದ ರೆಸಿನ್ ತುಂಬಿದೆ. ಅದು ಗಟ್ಟಿಯಾಗುವ ತನಕ ಕಾದು, ಮೇಲೆ ತೆಳ್ಳಗೆ ವಾರ್ನಿಷ್ ಎಳೆದು ಅದನ್ನೂ ಆರಿಸಿ, ನೀಲಿ ದೀಪ ತಂದು ಹಿಡಿದೆ. ಲಿಂಗ ಇಡೀ ಮಿನುಗಿತು, ಎಲ್ಲಿಯೂ ಕಪ್ಪು ಉಳಿದಿರಲಿಲ್ಲ. ಗಾಜಿನ ಹಿಂದಿನ ಹೆಣ್ಣುಮಕ್ಕಳು ಕೈಮುಗಿದರು. ಅವ್ವ ಕಣ್ಣು ಕಿರಿದು ಮಾಡಿ, "ಬಂದ್ ಮಾಡದನ್ನ, ಕಣ್ಣು ಚುಚ್ತದ" ಎಂದಳು.

ಹೊರಗೆ ಬೇವಿನ ಮರದ ಕೆಳಗೆ ಕೂರಿಸಿದೆವು. ಅಲ್ಲೇ ಲಿಂಗಕ್ಕೆ ನೀರು ಹಾಕಿ, ವಿಭೂತಿ ಇಟ್ಟು ಪೂಜೆ ಮಾಡಿಕೊಂಡಳು. ನಮ್ಮಲ್ಲಿ ಕೆಲಸ ಮಾಡುವ ಒಬ್ಬಾಕೆಯ ಬುತ್ತಿಯಲ್ಲಿ ಜೋಳದ ನುಚ್ಚು, ಮಜ್ಜಿಗೆ ಇತ್ತು. ಅವ್ವ ಸಣ್ಣ ಸಣ್ಣ ತುತ್ತು ಮಾಡಿ ಉಂಡಳು. ಉಪ್ಪು ಕಡಿಮೆ ಎಂದಳು. ಅವಳು ತಕರಾರು ತೆಗೆದದ್ದೇ ನನಗೆ ಜೀವ ಬಂದ ಹಾಗಾಯಿತು. ನಾನು ಮರದ ಆಚೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಗೆದ್ದೆ ಎಂದುಕೊಂಡಿದ್ದೆ. ಆದರೆ ಆ ಉಪವಾಸ ಅವಳ ಮೂತ್ರಪಿಂಡಗಳನ್ನು ಅರ್ಧ ತಿಂದುಹಾಕಿತ್ತು. ಮೊದಲೇ ಸೋತಿದ್ದವು, ಇದೊಂದು ಏಟು ತಡೆಯಲಿಲ್ಲ ಎಂದರು ಡಾಕ್ಟರು. ಕಾಲು ಊದಿಕೊಂಡವು. ಮಳೆ ಹಿಡಿಯುವ ಹೊತ್ತಿಗೆ ಹಾಸಿಗೆ ಹಿಡಿದಳು. ನಾನು ರಜೆ ಹಾಕಿ ಮನೆಯಲ್ಲಿ ಕೂತೆ. ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಒಯ್ಯುತ್ತೇನೆ ಎಂದರೆ "ನಾ ಎಲ್ಲಿಗೂ ಬರಂಗಿಲ್ಲ" ಎಂದು ಮುಖ ತಿರುಗಿಸಿದಳು. ಲಿಂಗ ಮಾತ್ರ ಎದೆಯ ಮೇಲೆ ಸರಿಯಾಗಿತ್ತು. ನಾನು ಆಗಾಗ ಲಿಂಗವಿಟ್ಟ ಕರಡಿಗೆ ಬಿಚ್ಚಿ ಬಿರುಕಿನ ಜಾಗ ನೋಡುತ್ತಿದ್ದೆ. ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಜ್ವರ ಏರಿ ಅವಳು ಮಾತಾಡತೊಡಗಿದಳು. ನನ್ನ ಕೂಡ ಅಲ್ಲ, ಅಪ್ಪನ ಕೂಡ.

"ತಡೀರಿ, ಬೂದಿ ಇನ್ನೊಮ್ಮಿ ಸೋಸ್ತೀನಿ, ಹರಳು ಉಳದಾವ... ಈಗ ಎಣ್ಣಿ ಬ್ಯಾಡ, ಕೇರು ಇನ್ನಾ ನೊರಿ ಬಿಟ್ಟಿಲ್ಲ... ಬ್ಯಾಸಗಿ ಅದ, ರಾಳ ಅರ್ಧಾನ ಹಾಕ್ರಿ, ಪೂರಾ ಹಾಕಿದ್ರ ಸೀಳ್ತದ... ನೀವ್ ಸರೀರಿ, ನಾ ಕುಟ್ತೀನಿ, ನಿಮ್ಮ ಕೈ ಕಂತಿಗಿ ಬೇಕು..."

ನಾನು ಒದ್ದೆ ಬಟ್ಟೆ ಹಿಡಿದವಳು ಹಾಗೇ ಕೂತೆ. ಹದ ಮೊದಲಿಂದ ಕೊನೆಯ ತನಕ ಅವಳ ಬಾಯಿಂದ ಬರುತ್ತಿತ್ತು. ಯಾವುದಾದ ಮೇಲೆ ಯಾವುದು, ಎಷ್ಟು, ಯಾವಾಗ ಇಳಿಸುವುದು. ಆ ಕದದೊಳಗೆ ಅವಳು ಬರೀ ಸೌದೆ ಒಟ್ಟುತ್ತಾಳೆ ಎಂದುಕೊಂಡಿದ್ದೆ; ಕುಟ್ಟಿದವಳು ಅವಳು, ಕಾಯಿಸಿದವಳು ಅವಳು. ಅಪ್ಪ ಕಟ್ಟಿ ತಿಕ್ಕುತ್ತಿದ್ದ, ಅಷ್ಟೇ. ಅವಳ ಅಂಗೈಯಲ್ಲಿ ನಾನು ಕಂಡದ್ದು ಒಲೆಯ ಕಲೆಯಲ್ಲ, ಕೇರಿನದು. ಬೆಣ್ಣೆ ಮನೆಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದವಳ ಹಾಗೆ ನಾನು ರಂಗಂಪೇಟೆಯ ತನಕ ಹೋಗಿ ಬಂದಿದ್ದೆ. ಎಲ್ಲವನ್ನೂ ಬಲ್ಲವಳು ಹಸಿದು ಕೂತು ನನ್ನನ್ನು ಹೋಗಗೊಟ್ಟಿದ್ದಳು.

ಕೊನೆಗೆ ಅವಳ ದನಿ ಇಳಿಯಿತು. "ಕದಾ ಹಾಕ್ರಿ. ಕೂಸು ಒಳಗ ಬರ್ತದ."

ಮರುದಿನ ಜ್ವರ ಬಿಟ್ಟು ಅವ್ವ ಎಚ್ಚರಾದಳು. ಗಂಜಿ ಕುಡಿಸಿ ಬಾಯಿ ಒರೆಸಿದೆ. ತಡೆದುಕೊಳ್ಳಲಾಗಲಿಲ್ಲ.

"ಅವ್ವ, ಕಂತಿ ಹದ ನಿನಗ ಗೊತ್ತಿತ್ತೇನು?"

"ಗೊತ್ತಿಲ್ದ ಏನು."

"ಮತ್ತ ಅವತ್ತ ಯಾಕ ಹೇಳ್ಲಿಲ್ಲ? ಉಪಾಸ ಕುಂತು ಸಾಯಾಕ ಹತ್ತಿದ್ದಿ. ಒಂದು ಮಾತು ಅಂದಿದ್ರ ಕೇರು ತಂದು ಮನ್ಯಾಗ ಮಾಡ್ತಿದ್ದೆ!"

ನನ್ನ ದನಿ ಎತ್ತರಕ್ಕೆ ಹೋಗಿತ್ತು. ಅವ್ವ ನನ್ನ ಕೈಯನ್ನು ಹಾಸಿಗೆಯ ಮೇಲೆ ಹುಡುಕಿದಳು. ಬೆರಳಿಗೆ ಅರಿವಿಲ್ಲದ್ದರಿಂದ ಅದು ಸಿಕ್ಕಿದ್ದೂ ಅವಳಿಗೆ ತಿಳಿಯಲಿಲ್ಲ, ಕಣ್ಣಿನಿಂದ ನೋಡಿ ಹಿಡಿದು, ಒಂದೂ ಸುಟ್ಟ ಕಲೆಯಿಲ್ಲದ ನನ್ನ ಅಂಗೈಯನ್ನು ಮೇಲೆ ಮಾಡಿದಳು.

"ಅದಕ್ಕ ಹೇಳ್ಲಿಲ್ಲ" ಅಂದಳು. "ಹೇಳಿದ್ರ ನೀ ಮಾಡೇಬಿಡ್ತಿದ್ದಿ."

ನಾನು ಎದ್ದು ಅಡಿಗೆಮನೆಗೆ ಹೋದೆ. ಇಷ್ಟು ದೊಡ್ಡ ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಅವಳು ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಕೂತು ಪೂರ್ತಿ ಜಗಳ ಮಾಡೋಣ ಎಂದುಕೊಂಡೆ. ಆ ವಾರವೇ ಅವ್ವ ಹೋದಳು.